ಲೆಕ್ಕಕ್ಕೆ ಸೇರದ ಮರ

ಮಾವಿನ ತೋಪು ತೋರಿಸುವುದಿದ್ದರೆ ಕಾಯಿ ಇಲ್ಲದ ಕಾಲದಲ್ಲಿ ತೋರಿಸಬೇಕು. ಕಾಯಿ ಜೋತಾಡುವಾಗ ಯಾರ ಕಣ್ಣಿಗಾದರೂ ಅದು ಸ್ವರ್ಗವೇ. ಕೊಂಡವನು ಮಳೆಗಾಲದಲ್ಲಿ ಬಂದು, ಬದನಿಕೆ ಹಿಡಿದ ಕೊಂಬೆ, ಹುಳು ಕೊರೆದ ಕಾಂಡ ನೋಡಿ ನನ್ನನ್ನು ಬೈಯುತ್ತಾನೆ. ಬೈಸಿಕೊಳ್ಳುವುದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ಬೈದವನು ಇನ್ನೊಬ್ಬ ಗಿರಾಕಿಯನ್ನು ಕಳಿಸುವುದಿಲ್ಲ. ಮನೆ ತೋರಿಸುವಾಗಲೂ ಅಷ್ಟೇ. ಬೀದಿ ನಲ್ಲಿಯ ಹತ್ತಿರ ಕೊಡಪಾನದ ಜಗಳ ನಡೆಯುವ ಹೊತ್ತಿಗೇ ಕರೆದುಕೊಂಡು ಹೋಗುತ್ತಿದ್ದೆ. ಅಕ್ಕಪಕ್ಕದವರ ಬಾಯಿ ಎಂಥದ್ದು ಎಂದು ಮೊದಲೇ ಗೊತ್ತಾಗಲಿ.

ಇದು ಎಂಬತ್ತರ ಆಚೀಚಿನ ಮಾತು. ಆಗ ಶ್ರೀನಿವಾಸಪುರದಲ್ಲಿ ನಮ್ಮಂಥವರನ್ನು ಏಜೆಂಟು ಎನ್ನುತ್ತಿರಲಿಲ್ಲ, ದಲ್ಲಾಳಿ ಎನ್ನುತ್ತಿದ್ದರು. ನಾನು ಹೆಂಗಸಾದ್ದರಿಂದ ದಲ್ಲಾಳಮ್ಮ. ಮೊದಲು ಹಂಗಿಸುವುದಕ್ಕೆ ಅಂದರು, ಆಮೇಲೆ ಅದೇ ಹೆಸರಾಯಿತು. ಅಕ್ಷರ ನನಗೆ ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡು, ಸರ್ವೆ ನಂಬರು, ನನ್ನ ರುಜು, ಇಷ್ಟು ಬರುತ್ತಿತ್ತು. ಮಿಕ್ಕದ್ದನ್ನು ಬೇರೆಯವರಿಂದ ಎರಡು ಸಲ ಓದಿಸಿ ಕೇಳುತ್ತಿದ್ದೆ.

ಆ ವರ್ಷ ಕೋಲಾರದ ಆಸ್ಪತ್ರೆಯ ಒಬ್ಬ ಕಾಂಪೌಂಡರು ಮತ್ತು ಅವರ ಹೆಂಡತಿ ನನ್ನ ಹತ್ತಿರ ಬಂದರು. ಒಂದು ಮಾವಿನ ತೋಪು ಬೇಕು ಎಂದರು. ಬೇಕಾಗಿದ್ದದ್ದು ಗಂಡನಿಗಲ್ಲ, ಹೆಂಡತಿಗೆ. ಅವಳಿಗೆ ಹುಟ್ಟಿದಾಗಲೇ ತಾಯಿ ತೀರಿಕೊಂಡಿದ್ದಳು. ಮಾಲೂರಿನಲ್ಲಿ ಹೆಂಚಿನ ಫ್ಯಾಕ್ಟರಿ ಪಕ್ಕದ ಸಾಲುಮನೆಯಲ್ಲಿ ಚಿಕ್ಕಮ್ಮ ಸಾಕಿದ್ದಳು. ಆ ಚಿಕ್ಕಮ್ಮನೂ ಹೋದಳು. "ನಮ್ಮ ಕಡೆ ಮರ ಅಂದ್ರೆ ಹೆಂಚಿನ ಗೂಡಿಗೆ ಹಾಕೋ ಸೌದೆ ಅಕ್ಕಾ. ನಿಂತಿರೋ ಮರ ನಂದು ಅಂತ ಒಂದಿರ್ಲಿ," ಎಂದಳು. ನನಗೆ ಆ ಮಾತು ಹಿಡಿಸಿತು.

ಹಿಡಿಸಿದರೆ ಆಯಿತೇ. ಎರಡು ತೋಪು ತೋರಿಸಿದೆ, ಎರಡೂ ಮುರಿದುಬಿದ್ದವು. ಒಂದಕ್ಕೆ ಬಂಡಿದಾರಿ ಇರಲಿಲ್ಲ. ಇನ್ನೊಂದರ ಮೇಲೆ ಹಳೇ ಅಡಮಾನ ಇತ್ತು, ಜಮೀನಿನ ಮೇಲಿನ ಋಣಭಾರ ತೋರಿಸುವ ಇ.ಸಿ. ತೆಗೆಸಿದಾಗ ಗೊತ್ತಾಯಿತು. ಹೀಗೆ ಮುರಿದಾಗ ಬೇರೆ ದಲ್ಲಾಳಿಗಳು ಆ ಮನೆ ಕಡೆ ತಿಂಗಳುಗಟ್ಟಲೆ ತಲೆ ಹಾಕುತ್ತಿರಲಿಲ್ಲ. ನಾನು ಮರುದಿನವೇ ಹೋಗುತ್ತಿದ್ದೆ. ಕೆಲಸದ ಮಾತು ಎತ್ತುತ್ತಿರಲಿಲ್ಲ. ಮಜ್ಜಿಗೆ ಕುಡಿದು, ಸೊಪ್ಪಿನ ರೇಟು ಮಾತಾಡಿ ಬರುತ್ತಿದ್ದೆ. ಕಾಲು ಆ ಮನೆಯ ದಾರಿ ಮರೆಯಬಾರದು. ಉತ್ಸಾಹ ಎಂದು ಈಗಿನವರು ಅನ್ನುವುದು ನನಗೆ ತಲೆಯಲ್ಲಿ ಇರಲಿಲ್ಲ, ಕಾಲಿನಲ್ಲಿ ಇತ್ತು.

ಮೂರನೆಯದು ರಾಯಲ್ಪಾಡಿನ ಹತ್ತಿರದ್ದು. ಯಜಮಾನ ನಲವತ್ತರ ಆಸುಪಾಸಿನವನು. ತೋಪು ಊರಿಗೆ ದೂರ. ಅವನ ಹೊಲಕ್ಕೆ ಅಂಟಿದ ಹಾಗೆ ಕೆರೆ ಕೆಳಗಿನ ಗದ್ದೆಯೊಂದು ಮಾರಾಟಕ್ಕೆ ಬಂದಿತ್ತು. ತೋಪು ಕೊಟ್ಟು ಗದ್ದೆ ತೆಗೆದುಕೊಳ್ಳಬೇಕು ಎಂದು ಅವನ ಆಸೆ. ಗದ್ದೆಯವನು ಯುಗಾದಿ ತನಕ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ.

ಪಹಣಿ ಸರಿ ಇತ್ತು. ಇ.ಸಿ. ಸರಿ ಇತ್ತು. ಬಾಂದುಕಲ್ಲು ನಾಲ್ಕೂ ಇದ್ದವು. ದನ ಕಾಯುವವರನ್ನು ಕೇಳಿದೆ, ಪಕ್ಕದ ಜಮೀನಿನವರನ್ನು ಕೇಳಿದೆ, ತಕರಾರಿಲ್ಲ. ಕಾಯಿ ಕಿತ್ತು ತಿಂಗಳುಗಳಾಗಿ ತೋಪು ಬೋಳುಬೋಳಾಗಿ ಕಾಣುವಾಗ ಗಂಡ ಹೆಂಡತಿಯನ್ನು ಕರೆದುಕೊಂಡು ಹೋದೆ.

ಯಜಮಾನ ಮುಂದೆ, ನಾವು ಹಿಂದೆ. ಒಂದೊಂದು ಮರಕ್ಕೂ ಕೋಲಿನಿಂದ ತಟ್ಟಿ ಹೇಳುತ್ತಾ ಹೋದ. "ಇದು ಬಾದಾಮಿ. ಇದು ರಸಪುರಿ. ಇದು ನೀಲಂ, ತಡವಾಗಿ ಬರ್ತೈತೆ." ಹುಳು ಹಿಡಿದ ಮರಗಳನ್ನು ನಾನು ಹೇಳಿದೆ. ಅವನು ನನ್ನನ್ನು ಗುರಾಯಿಸಿದ. ಕಾಂಪೌಂಡರು "ಔಷಧಿ ಹೊಡೆದ್ರೆ ಹೋಗುತ್ತೆ, ದಿನಕ್ಕೆ ಮೂರು ಹೊತ್ತು," ಎಂದರು. ಅವರ ತಮಾಷೆ ಎಲ್ಲ ಅಷ್ಟೇ ಇತ್ತು.

ಬಂಡಿದಾರಿಯ ಮಗ್ಗುಲಲ್ಲಿ ಒಂದು ದೊಡ್ಡ ನಾಟಿ ಮರ. ಮಿಕ್ಕ ಕಸಿ ಮರಗಳೆಲ್ಲ ಅದರ ಮೊಮ್ಮಕ್ಕಳ ಹಾಗಿದ್ದವು. ಅದರ ಮುಂದೆ ಬಂದಾಗ ಯಜಮಾನನ ಕೋಲು ಏಳಲಿಲ್ಲ. ಸುತ್ತು ಹಾಕಿಕೊಂಡು ಮುಂದಿನ ಮರಕ್ಕೆ ಹೋದ.

ಕಾಂಪೌಂಡರ ಹೆಂಡತಿ ನಿಂತಳು. "ಇದೇನಣ್ಣಾ, ಇಷ್ಟು ದೊಡ್ಡದನ್ನೇ ಬಿಟ್ಬಿಟ್ರಿ?"

"ಅದು ಲೆಕ್ಕಕ್ಕಿಲ್ಲಮ್ಮ."

"ಒಣಗಿದ್ಯಾ?"

"ಒಣಗೋದೇನು, ಗುಂಡುಕಲ್ಲಂಗೈತೆ. ಅದು ನಮ್ಮ ಹುಡ್ಗೀದು."

ಹುಡುಗಿ ಎಂದರೆ ಅವನ ತಂಗಿ. ಕುರುಡುಮಲೆ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಮದುವೆಯ ದಿನ ಅವರ ಅಪ್ಪ, ಈ ಮರದ ಹಣ್ಣು ನಿನ್ನ ಅರಿಶಿನ ಕುಂಕುಮಕ್ಕೆ ಎಂದು ಹೇಳಿದ್ದನಂತೆ. ಬರೆದದ್ದಲ್ಲ, ಹೇಳಿದ್ದು. ಅಂದಿನಿಂದ ಆ ಮನೆಯಲ್ಲಿ ಯಾರೂ ಅದನ್ನು ಸೇರಿಸಿ ಎಣಿಸುತ್ತಿರಲಿಲ್ಲ. ಪ್ರತಿವರ್ಷ ತೋಪಿನ ಫಸಲು ಗುತ್ತಿಗೆ ಹಿಡಿಯಲು ಬರುವವರೂ ಅದೊಂದನ್ನು ಬಿಟ್ಟೇ ಕೀಳುತ್ತಿದ್ದರು. ಮಾರುವಾಗಲೂ ಅಭ್ಯಾಸಬಲದಿಂದ ಬಿಟ್ಟು ಎಣಿಸಿದ್ದ. ಅವನು ಒಂದು ಸಲ ಕೋಲು ತಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಬಾಯಿಮಾತಿಗೆ ಕಾನೂನಲ್ಲಿ ಬೆಲೆ ಇಲ್ಲ. ಮರ ಕಡಿದು ಹಲಗೆ ಮಾಡಿಸಿ, ಅಲ್ಲೊಂದೆರಡು ಬಾದಾಮಿ ಇಟ್ರಾಯ್ತು," ಎಂದರು ಕಾಂಪೌಂಡರು.

ಅವರ ಹೆಂಡತಿ ಸೆರಗು ಸುತ್ತಿಕೊಂಡಳು. "ಆ ಹೆಣ್ಣುಮಗಳು ಬಂದು ತಗೊಳ್ಳಿ ಅಂತ ಬಾಯಿಬಿಟ್ಟು ಹೇಳ್ಬೇಕು. ಪತ್ರಕ್ಕೆ ಅವಳ ಹೆಬ್ಬೆಟ್ಟು ಬೀಳ್ಬೇಕು. ಇಲ್ದಿದ್ರೆ ನನಗೆ ಬೇಡ ಅಕ್ಕಾ. ತಾಯಿ ಇಲ್ದೆ ಬೆಳೆದೋಳು ನಾನು, ಇನ್ನೊಬ್ಬಳ ತವರಿನ ಮರದ ಕೆಳಗೆ ಕೂತ್ಕೊಳ್ಳೋದು ಹೆಂಗೆ?"

ನಾನು ಯಜಮಾನನಿಗೆ, "ಅಷ್ಟೇ ತಾನೆ? ಹೋಗಿ ತಂಗೀನ ಕರ್ಕೊಂಡು ಬಾರಯ್ಯ," ಎಂದೆ.

"ನಾನು ಹೋಗಲ್ಲ."

"ಯಾಕ್ಲಾ?"

"ಅವಳು ನನಗೆ ಬರೀ ಬುಟ್ಟಿ ಕಳಿಸಿದ್ಲು."

ನಮ್ಮ ಕಡೆ ಯಾರಾದರೂ ಒಂದು ಪಾತ್ರೆಯಲ್ಲೋ ಬುಟ್ಟಿಯಲ್ಲೋ ಏನಾದರೂ ಕೊಟ್ಟರೆ ಅದನ್ನು ಖಾಲಿ ವಾಪಸ್ ಕೊಡುವುದಿಲ್ಲ. ಒಂದು ಹಿಡಿ ರಾಗಿ, ಒಂದು ಚೂರು ಬೆಲ್ಲ, ಏನೂ ಇಲ್ಲದಿದ್ದರೆ ಎರಡು ವೀಳ್ಯದೆಲೆ. ಬರೀ ಬುಟ್ಟಿ ಕಳಿಸಿದರೆ ಇನ್ನು ನಿನಗೂ ನನಗೂ ಸಾಕು ಎಂದ ಹಾಗೆ. ಎರಡು ವರ್ಷದ ಹಿಂದೆ ಈ ಮಹಾರಾಯ ಕೆಲಸ ಜಾಸ್ತಿ ಎಂದು ತಂಗಿಯ ಹಣ್ಣಿನ ಬುಟ್ಟಿಯನ್ನು ಬಸ್ಸಿನ ಮೇಲೆ ಹಾಕಿ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದ. ಹಣ್ಣು ಜಜ್ಜಿಹೋಗಿ ಮುಟ್ಟಿತ್ತು. ಅವಳು ಅದೇ ಬಸ್ಸಿನಲ್ಲಿ ಬುಟ್ಟಿಯನ್ನು ಖಾಲಿ ವಾಪಸ್ ಕಳಿಸಿದ್ದಳು. ಆಮೇಲೆ ಮಾತಿಲ್ಲ, ಕಥೆಯಿಲ್ಲ. ಮರದ ಹಣ್ಣು ಎರಡು ವರ್ಷ ನೆಲಕ್ಕೆ ಉದುರಿ ಕೊಳೆತಿತ್ತು. ಇವನೂ ಮುಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ.

ಸರಿ, ನಾನೇ ಹೋದೆ. ಮುಳಬಾಗಿಲಿನಲ್ಲಿ ಬಸ್ಸಿಳಿದು, ಹಳ್ಳಿಯ ಬಸ್ಸು ತಪ್ಪಿದ್ದರಿಂದ ಕುರುಡುಮಲೆ ದಾರಿಯಲ್ಲಿ ನಡೆದೆ. ತಂಗಿ ನಡುಮನೆಯಲ್ಲಿ ಕೂತು ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ದಲ್ಲಾಳಮ್ಮ ಅಲ್ವಾ? ತೋಪಿನ ಸುದ್ದಿ ಮುಟ್ಟೈತೆ, ಬರ್ತೀರಿ ಅಂತ ಗೊತ್ತಿತ್ತು. ಕೂತ್ಕೊಳ್ಳಿ, ಮಜ್ಜಿಗೆ ಕುಡೀರಿ. ಹೆಬ್ಬೆಟ್ಟು ಮಾತ್ರ ಒತ್ತಲ್ಲ."

"ಯಾಕಮ್ಮ? ಮರದ ಬೆಲೆ ಬೇಕಾ?"

ಆಗ ತಲೆ ಎತ್ತಿದಳು. "ಕೇಳಿಸ್ಕೊಂಡ್ರಾ ಅತ್ತೇ? ಬೆಲೆಯಂತೆ!" ಒಳಗಿನಿಂದ ಅತ್ತೆ ನಕ್ಕದ್ದು ಕೇಳಿಸಿತು. ಮಜ್ಜಿಗೆ ಚೆನ್ನಾಗಿತ್ತು, ಕುಡಿದು ಎದ್ದೆ.

ಮರುದಿನ ರಾಯಲ್ಪಾಡು. ಯಜಮಾನನ ಹೆಂಡತಿ ಒಂದು ಹೊಸ ಸೀರೆ, ಕುಪ್ಪಸದ ಬಟ್ಟೆ ಮಡಿಸಿ ನನ್ನ ಚೀಲಕ್ಕೆ ತುರುಕಿದಳು. "ನಾವು ಕೊಟ್ವಿ ಅಂತ ಕೊಡಕ್ಕಾ, ಸರಿ ಹೋಗ್ತಾಳೆ."

"ಹಣ್ಣು ಕಂಡಕ್ಟರ್ ಕೈಲಿ, ಸೀರೆ ದಲ್ಲಾಳಿ ಕೈಲಿ. ನಿಮ್ಮ ಮನೇಲಿ ಯಾರಿಗೂ ಕಾಲೇ ಇಲ್ವೇನಮ್ಮ?" ಎಂದೆ. ಯಜಮಾನ ಗೋಡೆ ಕಡೆ ತಿರುಗಿ ಬೀಡಿ ಹಚ್ಚಿದ. "ಏಂ ಚೇಸೇದಿ ಅಕ್ಕಾ, ನೀನೇ ಹೇಳು, ಏನು ಮಾಡೋದು," ಎಂದ. ಅವನಿಗೆ ಕಷ್ಟ ಬಂದಾಗ ತೆಲುಗು ಬರುತ್ತಿತ್ತು. ಆಗದು ಎಂದು ಗೊತ್ತಿದ್ದೂ ಸೀರೆ ತೆಗೆದುಕೊಂಡು ಹೋದೆ. ಗಿರಾಕಿ ಹೇಳಿದ ದಾರಿಯನ್ನು ಒಂದು ಸಲ ನಡೆದು ತೋರಿಸಬೇಕು, ಇಲ್ಲದಿದ್ದರೆ ನಮ್ಮ ದಾರಿಗೆ ಅವರು ಬರುವುದಿಲ್ಲ.

ತಂಗಿ ಸೀರೆಯ ಮಡಿಕೆಯನ್ನೂ ಬಿಚ್ಚಲಿಲ್ಲ. "ಚೆನ್ನಾಗೈತೆ, ಅತ್ತಿಗೇನೇ ಉಟ್ಕೊಳ್ಳಿ," ಎಂದು ಚೀಲವನ್ನು ಒಳಗೆ ತೆಗೆದುಕೊಂಡು ಹೋಗಿ, ಸ್ವಲ್ಪ ಹೊತ್ತಿಗೆ ತಂದುಕೊಟ್ಟಳು. ಬಸ್ಸಿನಲ್ಲಿ ಚೀಲ ಭಾರವಾಗಿತ್ತು. ನಾನು ತೆಗೆದು ನೋಡಲಿಲ್ಲ. ಯಜಮಾನನ ಮನೆಯಲ್ಲಿ ಅವನ ಹೆಂಡತಿ ಚೀಲ ಬಗ್ಗಿಸಿದಳು. ಸೀರೆಯ ಹಿಂದೆ ಬಳಬಳ ಎಂದು ಅವರೆಕಾಯಿ ಬಿತ್ತು.

ಯಜಮಾನ ಒಂದು ಕಾಯಿ ತೆಗೆದುಕೊಂಡು ಮೂಸಿದ. "ಸೊಗಡು ಐತೆ," ಎಂದ. ಅಷ್ಟೇ ಹೇಳಿ ಹೊರಗೆ ಹೋದ.

ಸೀರೆ ಬೇಡ ಎಂದವಳು ಬರೀ ಚೀಲ ಕಳಿಸಲಿಲ್ಲ. ಇದು ಮುರಿದ ವ್ಯಾಪಾರವಲ್ಲ ಎಂದು ನನಗೆ ಆಗ ಗೊತ್ತಾಯಿತು.

ಅಷ್ಟರಲ್ಲಿ ಇನ್ನೊಬ್ಬ ದಲ್ಲಾಳಿ ತೋಪಿಗೆ ಬೇರೆ ಗಿರಾಕಿ ಹಿಡಿದಿದ್ದ. ಆ ಗಿರಾಕಿಗೆ ಯಾವ ಹುಡುಗಿಯೂ ಬೇಡ, ಯಾವ ಹೆಬ್ಬೆಟ್ಟೂ ಬೇಡ, ಪತ್ರ ಆದರೆ ಸಾಕು. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದಿನ ಟೀ ಅಂಗಡಿಯಲ್ಲಿ ಆ ದಲ್ಲಾಳಿ ಎಲ್ಲರ ಮುಂದೆ, "ನಮ್ಮ ದಲ್ಲಾಳಮ್ಮ ಜಮೀನು ಮಾರೋದು ಬಿಟ್ಟು ಅಣ್ಣತಂಗಿ ಸಂಬಂಧ ಕೂಡಿಸ್ತಾವ್ಳೆ, ಓಲಗ ಯಾವತ್ತಮ್ಮ?" ಎಂದ. "ನಿಂಗೆ ಒಬ್ಳು ತಂಗಿ ಇದ್ದಿದ್ರೆ ನೀನು ಮನುಷ್ಯ ಆಗ್ತಿದ್ದೆ," ಎಂದು ಟೀ ಮುಗಿಸಿದೆ. ಆದರೆ ತೋಪಿನಲ್ಲಿ ಹೂ ಬಂದಾಗಿತ್ತು. ಯುಗಾದಿ ದೂರ ಇರಲಿಲ್ಲ. ಯಜಮಾನ ಆ ಗಿರಾಕಿಗೆ ಹೂಂ ಅಂದರೆ ಅವನ ಗದ್ದೆ ಅವನಿಗೆ ಸಿಗುತ್ತದೆ. ಮರ ಹೋಗುತ್ತದೆ, ಕಾಂಪೌಂಡರ ಹೆಂಡತಿಯ ಕೈಗೆ ತೋಪೂ ತಪ್ಪುತ್ತದೆ.

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಮಾತು ಕುದುರುವ ಮುಂಚೆ ಕೊಳ್ಳುವವರನ್ನು ಮಾರುವವರ ನೆಂಟರ ಮನೆಗೆ ಕರೆದುಕೊಂಡು ಹೋಗಬಾರದು. ನೆಂಟರು ಒಂದು ಮಾತು ಆಡಿದರೆ ಗಿರಾಕಿ ಓಡುತ್ತಾನೆ. ನಾನು ಆ ಕಟ್ಟಳೆಯನ್ನು ಅಲ್ಲಿಯ ತನಕ ಮೀರಿರಲಿಲ್ಲ. ಆದರೆ ಅಣ್ಣನ ಮಾತು ಹೊತ್ತುಕೊಂಡು ಹೋದದ್ದಾಯಿತು, ಅತ್ತಿಗೆಯ ಸೀರೆ ಹೊತ್ತದ್ದಾಯಿತು. ಇನ್ನು ಹೊರುವುದಕ್ಕೆ ಏನೂ ಉಳಿದಿರಲಿಲ್ಲ. ಕೋಲಾರಕ್ಕೆ ಹೋಗಿ ಕಾಂಪೌಂಡರ ಹೆಂಡತಿಗೆ ಚಪ್ಪಲಿ ಮೆಟ್ಟಿಕೋ ಎಂದೆ. ಯಜಮಾನನಿಗೆ, ನಾನು ವಾಪಸ್ ಬರುವ ತನಕ ಯಾರಿಗೂ ಹೂಂ ಅನ್ನಬೇಡ ಎಂದು ಹೇಳಿಕಳಿಸಿದೆ.

ತಂಗಿಯ ಮನೆಯಲ್ಲಿ ಇಬ್ಬರೂ ಎದುರುಬದುರು ಕೂತರು. ನಾನು ಗೋಡೆಗೆ ಒರಗಿ ಕಾಲು ಚಾಚಿದೆ. ನನ್ನ ಬಾಯಿಗೆ ಅಲ್ಲಿ ಕೆಲಸ ಇರಲಿಲ್ಲ.

ತಂಗಿ ಕೇಳಿದಳು. "ಮರ ಕಡೀತೀರಾ?"

"ನಮ್ಮನೆಯವರಿಗೆ ಕಡೀಬೇಕು ಅಂತ ಇದೆ. ನಾನು ಬಿಡಲ್ಲ."

"ಗಂಡಸರು ಕೇಳ್ತಾರಾ?"

"ಕೇಳಲ್ಲ. ನಮ್ಮನೆಯವರು ಕೊಡಲಿ ಎತ್ತಿದ್ರೆ ತಾನೆ, ಮಾತ್ರೆ ಡಬ್ಬಿ ಎತ್ತಕ್ಕೇ ಎರಡು ಸಲ ಕೂಗ್ಬೇಕು."

ತಂಗಿ ನಕ್ಕಳು, ನಗು ಬಂದದ್ದಕ್ಕೆ ಸಿಟ್ಟಾದಳು. ಆಮೇಲೆ ಸೊಪ್ಪು ಪಕ್ಕಕ್ಕಿಟ್ಟು ಹೇಳಿದಳು. "ಹಣ್ಣಿಗೇನಮ್ಮ, ಮುಳಬಾಗ್ಲು ಸಂತೇಲಿ ರಾಶಿ ಬೀಳ್ತೈತೆ. ವರ್ಷಕ್ಕೊಂದ್ಸಲ ಆ ಬುಟ್ಟಿ ಹೊತ್ಕೊಂಡು ತವರಿಂದ ಒಬ್ರು ಬರ್ತಿದ್ರು. ಮೊದ್ಲು ಅಪ್ಪ, ಆಮೇಲೆ ಅಣ್ಣ. ನಮ್ಮತ್ತೆ ಕಾಲಿಗೆ ನೀರು ಕೊಡೋರು, ಕೋಳಿ ಕುಯ್ಯೋರು. ಅವತ್ತು ಕಂಡಕ್ಟ್ರು ಬಸ್ ನಿಲ್ಲಿಸಿ, ಯಾರಮ್ಮ ಬುಟ್ಟಿ, ಬೇಗ ಇಳಿಸ್ಕೋ ಅಂತ ಕೂಗ್ದ. ಊರೆಲ್ಲ ನೋಡ್ತು. ಬರೀ ಬುಟ್ಟಿ ಕಳಿಸಿದ್ದು ನನ್ನ ತಪ್ಪೇ. ಇಲ್ಲ ಅನ್ನಲ್ಲ. ಆದ್ರೆ ಈಗ ಮರಾನೂ ಹೋದ್ರೆ ಅವನಿಗೆ ಈ ಕಡೆ ಬರಕ್ಕೆ ನೆಪ ಏನೈತೆ?"

ಕಾಂಪೌಂಡರ ಹೆಂಡತಿ ಪಕ್ಕಕ್ಕಿಟ್ಟಿದ್ದ ಸೊಪ್ಪನ್ನು ತನ್ನ ಕಡೆ ಎಳೆದುಕೊಂಡಳು. "ನಿಮಗೆ ಬರೋರು ಬೇಕು. ನನಗೆ ಹೋಗೋದಕ್ಕೆ ಒಂದು ಮನೆ ಇಲ್ಲ. ಪ್ರತಿ ವರ್ಷ ಬುಟ್ಟಿ ನಾನು ತರ್ತೀನಿ. ಬಸ್ಸಿನ ಮೇಲೆ ಹಾಕಲ್ಲ, ತೊಡೆ ಮೇಲೆ ಇಟ್ಕೊಂಡು ಬರ್ತೀನಿ," ಎಂದಳು.

ತಂಗಿ ನನ್ನ ಕಡೆ ನೋಡಿದಳು. ನಾನು ತಾರಸಿ ನೋಡಿದೆ.

"ನೀನು ತಂದ್ರೆ ಬೇಡ ಅನ್ನಲ್ಲ ಕಣಮ್ಮ. ಹೆಬ್ಬೆಟ್ಟೂ ಒತ್ತುತೀನಿ. ಆದ್ರೆ ಆಫೀಸಿಗೆ ಅವನು ಬಂದು ಕರ್ಕೊಂಡು ಹೋಗ್ಬೇಕು. ಆ ಬುಟ್ಟಿ ತಗೊಂಡು ಬರ್ಬೇಕು."

ಸಂಜೆಗೇ ರಾಯಲ್ಪಾಡಿಗೆ ಹೋದೆ. ಯಜಮಾನ ಕೇಳಿ ತಲೆ ಕೆರೆದುಕೊಂಡ. "ಬುಟ್ಟೀಲಿ ಏನಿಟ್ಕೊಂಡು ಹೋಗ್ಲಿ ಅಕ್ಕಾ? ಮರದಲ್ಲಿ ಇನ್ನೂ ಹೀಚು."

"ನೀನು ಏನು ಬೆಳ್ದಿದ್ದೀಯೋ ಅದು. ಕಂಡಕ್ಟರ್ ಗಿಂಡಕ್ಟರ್ ಅಂದ್ರೆ ನಾನೇ ಆ ಇನ್ನೊಬ್ಬ ಗಿರಾಕೀನ ಕರ್ಕೊಂಡು ಬಂದು ನಿನ್ನ ಮುಖಕ್ಕೆ ಕಟ್ತೀನಿ. ನೋಡ್ಕೋ."

ಹೆಂಡತಿ ಅಟ್ಟದಿಂದ ಬುಟ್ಟಿ ಇಳಿಸಿದಳು. ಖಾಲಿ ಬಂದ ದಿನದಿಂದ ಅದನ್ನು ಯಾರೂ ಬಳಸಿರಲಿಲ್ಲ. ಜೇಡ ಮನೆ ಕಟ್ಟಿತ್ತು.

ಜೊತೆಗೆ ನಾನೂ ಬರಬೇಕು ಎಂದು ಹಟ ಹಿಡಿದ. ಒಬ್ಬನೇ ಹೋಗಲು ಅವನಿಗೆ ಭಯ. ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ಮಾತೂ ಆಡದೆ ಕೂತಿದ್ದ. ತಂಗಿಯ ಅಂಗಳದಲ್ಲಿ ನಿಂತು ಬುಟ್ಟಿಯ ಮೇಲಿನ ಬಟ್ಟೆ ತೆಗೆದ. ಕೆಂಪಗೆ ಟೊಮೇಟೊ.

ತಂಗಿ ಬಾಗಿಲಿಗೆ ಒರಗಿ ನಿಂತು ನೋಡಿದಳು. "ಏನಣ್ಣಾ, ಈ ವರ್ಷ ಮಾವು ಗುಂಡಗೆ ಬಿಟ್ಟೈತೆ?"

"ಊ ಕಣೇ. ಹೊಸ ಜಾತಿ."

ಅವನಿಗೆ ಅಳು ಬಂತೋ ನಗು ಬಂತೋ ನಾನು ನೋಡಲಿಲ್ಲ. ಅತ್ತೆ ಕಾಲಿಗೆ ನೀರು ತಂದರು, ನಾನು ಕೋಳಿ ಹಿಡಿಯಲು ಹಿತ್ತಲಿಗೆ ಹೋದೆ.

ಪತ್ರದ ದಿನ ಎಲ್ಲರೂ ಶ್ರೀನಿವಾಸಪುರದಲ್ಲಿ ಸೇರಿದೆವು. ಪತ್ರ ಬರೆಯುವವರು ಚಕ್ಕುಬಂದಿ ಬರೆದರು. ಪೂರ್ವಕ್ಕೆ ಬಂಡಿದಾರಿ, ಪಶ್ಚಿಮಕ್ಕೆ ಯಾರ ಜಮೀನು, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಯಾರದು ಎಂದು. ನಾನು ಎರಡು ಸಲ ಜೋರಾಗಿ ಓದಿಸಿದೆ. ಎರಡು ಕಡೆಯವರೂ ಕೇಳಿಸಿಕೊಂಡರು. ತಂಗಿಯ ಹೆಬ್ಬೆಟ್ಟು ಬೇಕಾಗಿಲ್ಲವಲ್ಲ ಎಂದು ಪತ್ರ ಬರೆಯುವವರು ಕನ್ನಡಕ ತೆಗೆದರು. ಬೇಕು, ಒಪ್ಪಿಗೆ ಇದೆ ಎಂದು ಬರೆಯಿರಿ ಎಂದೆ. ಬರೆದರು. ಮರದ ಹಣ್ಣಿನ ಮಾತು ಸೇರಿಸಬಹುದಾ ಎಂದು ಕಾಂಪೌಂಡರ ಹೆಂಡತಿ ಕೇಳಿದಳು. "ಅದನ್ನ ಬರೆದ್ರೆ ನಾಳೆ ನಿಮ್ಮ ಮಕ್ಕಳ ಕಾಲಕ್ಕೆ ತೊಡಕಾಗುತ್ತಮ್ಮ," ಎಂದರು ಅವರು. ಅವರು ಹೇಳಿದ್ದು ಸರಿಯೇ.

"ಬರೀಬೇಡಿ," ಎಂದಳು ತಂಗಿ. "ನಮ್ಮಪ್ಪನೂ ಬರೆದಿರ್ಲಿಲ್ಲ."

ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.

ಬಾಯಿಮಾತು ಎಷ್ಟು ದಿನ ನಿಲ್ಲುತ್ತದೆ ಎಂದು ನನಗೆ ಅನುಮಾನ ಇತ್ತು. ಸುಳ್ಳೇಕೆ ಹೇಳಲಿ. ಕೆಲಸ ಮುಗಿದ ಮೇಲೆ ಎರಡು ಕಡೆಯವರೂ ನಮ್ಮನ್ನು ಮರೆಯುತ್ತಾರೆ, ಅದು ಇರುವುದೇ. ಹಣ್ಣಿನ ಕಾಲದಲ್ಲಿ ಒಂದು ಮನೆಯ ಅಳತೆಗೆಂದು ಕುರುಡುಮಲೆ ಕಡೆ ಹೋಗಿದ್ದವಳು, ಬಿಸಿಲು ಜಾಸ್ತಿ ಎಂದು ತಂಗಿಯ ಮನೆಗೆ ತಿರುಗಿದೆ.

ಜಗಲಿಯ ಮೇಲೆ ಕಾಂಪೌಂಡರ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಯಜಮಾನ. ಇಬ್ಬರ ಕಾಲೂ ಒದ್ದೆ. ಮಧ್ಯೆ ಬುಟ್ಟಿ.

"ನೀನ್ಯಾಕಯ್ಯ ಬಂದೆ? ಮರ ನಿಂದಲ್ವಲ್ಲ," ಎಂದೆ.

"ಈಯಮ್ಮಂಗೆ ಕೀಳಕ್ಕೆ ಬರಲ್ಲ ಅಕ್ಕಾ. ಕೋಲಲ್ಲಿ ಹೊಡೀತಿದ್ಲು. ನಾನೇ ಹತ್ತಿ ಕಿತ್ತೆ."

"ಕಿತ್ತಿದ್ದು ಇವರು, ಬುಟ್ಟಿ ಕೊಡಲ್ಲ ಅಂದಿದ್ದೂ ಇವರೇ," ಎಂದಳು ಅವಳು. "ಬಸ್ಸಲ್ಲಿ ಅರ್ಧ ದಾರಿ ಇವರ ತೊಡೆ ಮೇಲೆ, ಅರ್ಧ ದಾರಿ ನನ್ನ ತೊಡೆ ಮೇಲೆ. ಅದನ್ನ ಬಿಡಿ ಅಕ್ಕಾ, ನಮ್ಮನೆಯವರು ಯಾರಾದ್ರೂ ನೆಂಟ್ರು ಬಂದ್ರೆ ತೋಪು ತೋರಿಸ್ತಾರಲ್ಲ, ಈ ಮರ ಬಂದಾಗ ಸುತ್ತು ಹಾಕ್ಕೊಂಡು ಮುಂದಕ್ಕೆ ಹೋಗ್ತಾರೆ. ಕೇಳಿದ್ರೆ, ಅದು ಲೆಕ್ಕಕ್ಕಿಲ್ಲ ಅಂತಾರೆ!"

ತಂಗಿ ಒಂದು ಹಣ್ಣು ತೊಳೆದು ನನ್ನ ಕೈಗಿಟ್ಟಳು. ಇಷ್ಟು ತಿಂಗಳು ಈ ಮರಕ್ಕಾಗಿ ನಡೆದಿದ್ದೆ, ಒಂದು ಹಣ್ಣೂ ತಿಂದಿರಲಿಲ್ಲ. ಕಚ್ಚಿದೆ. ಹಲ್ಲು ಜುಂ ಎಂದಿತು.

ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಥೂ, ಹುಳಿ!"

ಅಣ್ಣತಂಗಿ ಒಟ್ಟಿಗೇ ನಕ್ಕರು. "ನಮ್ಮ ತಾತನ ಕಾಲದಿಂದ್ಲೂ ಹುಳೀನೇ ಅಕ್ಕಾ," ಎಂದ ಯಜಮಾನ. "ಹಂಗೇ ತಿನ್ನೋದಲ್ಲ, ಸಾರು ಮಾಡ್ಬೇಕು," ಎಂದು ತಂಗಿ ಒಂದು ಬಟ್ಟೆ ಚೀಲಕ್ಕೆ ಐದಾರು ಹಣ್ಣು ಹಾಕಿ ನನ್ನ ಕಂಕುಳಿಗೆ ಸಿಕ್ಕಿಸಿದಳು.

ಮನೆಗೆ ಬಂದು ಸಾರು ಮಾಡಿದೆ. ಚೆನ್ನಾಗಿತ್ತು, ಇನ್ನೊಂದು ಮುದ್ದೆ ಹೆಚ್ಚಿಗೆ ಹೋಯಿತು. ಚೀಲ ಒಗೆದು ಗೂಟಕ್ಕೆ ಹಾಕಿದೆ. ಅವಳ ಚೀಲ ನನಗೇಕೆ. ಆದರೆ ಬರೀ ಚೀಲ ವಾಪಸ್ ಕೊಡುವ ಹಾಗಿಲ್ಲ. ಸೀತಾಫಲ ಬರಲಿ ಎಂದು ಕಾದೆ.